ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಬಿಲ್ಲಿಂಗ್ ಸಾಫ್ಟ್‌ವೇರ್ ‘ಸರ್ವರ್ ಸಿಗಲಿಲ್ಲ’ ಅನ್ನುತ್ತದೆ, ಎರಡು ಸಲ ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ನೆಟ್ ಸ್ಲೋ ಇರುವುದೇ ಕಾರಣವಾ?

ಕುಮಟಾದಲ್ಲಿ ಅಂಗಡಿ, ಮೂರು ಕಂಪ್ಯೂಟರ್, ಒಂದರಲ್ಲಿ ಡೇಟಾ, ಉಳಿದೆರಡರಲ್ಲಿ ಬಿಲ್ಲು ಅಂತ ಬರೆದಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಜಾಸ್ತಿ ದುಡ್ಡಿನ ಇಂಟರ್‌ನೆಟ್ ಪ್ಲ್ಯಾನ್ ಹಾಕಿಸಬೇಡಿ. ನಿಮ್ಮ ಬಿಲ್ಲು ಓಡಾಡುವುದು ಅಂಗಡಿಯೊಳಗಿನ ಕೇಬಲ್ಲಿನಲ್ಲಿ. ಹೊರಗಿನ ನೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಇಲ್ಲಿನ ಒಂದು ಅಡಿಕೆ ಅಂಗಡಿಯಲ್ಲಿ ಇದೇ ತಾಪತ್ರಯ ಶುರುವಾಗಿದ್ದು, ನಾನೇ ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ಬಹಳ ಬೇಗ ಓಡುವ ಎಸ್‌ಎಸ್‌ಡಿ ಡಿಸ್ಕ್ ಹಾಕಿಕೊಟ್ಟ ಮಾರನೇ ದಿನದಿಂದ! ‘ಹಳೇದೇ ಚಲೋ ಇತ್ತಲ್ಲ ತಮಾ’ ಅಂದರು ಯಜಮಾನರು. ಮರ್ಯಾದೆ ಹೋಯಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅವರು ಹೇಳಿದ್ದು ಒಂದು ಲೆಕ್ಕದಲ್ಲಿ ನಿಜವೇ. ಬೆಳಿಗ್ಗೆ ಮೇನ್ ಸ್ವಿಚ್ ಹಾಕಿದರೆ ರೂಟರ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಏಳುತ್ತವೆ. ಹಳೇ ಡಿಸ್ಕಿನ ಕಂಪ್ಯೂಟರ್ ಎದ್ದು ಕಣ್ಣು ಬಿಡುವಷ್ಟರಲ್ಲಿ ರೂಟರ್ ತಯಾರಾಗಿರುತ್ತಿತ್ತು. ಎಸ್‌ಎಸ್‌ಡಿ ಹಾಕಿದ್ದು 20 ಸೆಕೆಂಡಿಗೇ ಎದ್ದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ನಂಬರ್) ಕೇಳುತ್ತದೆ, ಕೊಡಬೇಕಾದ ರೂಟರ್ ಇನ್ನೂ ನಿದ್ದೆಯಲ್ಲಿ. ಆಗ ವಿಂಡೋಸ್ ತಾನೇ 169.254 ಅಂತ ಶುರುವಾಗುವ ಒಂದು ನಂಬರ್ ಇಟ್ಟುಕೊಂಡು ಕೂರುತ್ತದೆ. ಆಮೇಲೆ ಮತ್ತೆ ಕೇಳುವುದು ಸುಮಾರು 5 ನಿಮಿಷಕ್ಕೊಮ್ಮೆ. ಅಷ್ಟರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಸಲ ಹುಡುಕಿ ಕೈಚೆಲ್ಲಿರುತ್ತದೆ.

ನಿಮ್ಮಲ್ಲೂ ಇದೇನಾ ಅಂತ ನೋಡಲು ಖರ್ಚಿಲ್ಲ. ನಾಳೆ ರೂಟರ್ ಮಾತ್ರ ಹಾಕಿ, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಆಮೇಲೆ ಡೇಟಾ ಇರುವ ಕಂಪ್ಯೂಟರ್, ಕೊನೆಗೆ ಉಳಿದೆರಡು ಹಾಕಿ. ಸರಿಯಾಗಿ ಬಂದರೆ ಸಂಶಯ ಬೇಡ. ಇಲ್ಲವಾದರೆ ಎರರ್ ಬಂದಾಗಲೇ ಸ್ಟಾರ್ಟ್ ಮೆನುವಿನಲ್ಲಿ cmd ಅಂತ ಹುಡುಕಿ ಕಮಾಂಡ್ ಪ್ರಾಂಪ್ಟ್ ತೆಗೆದು ipconfig ಅಂತ ಟೈಪ್ ಮಾಡಿ ಎಂಟರ್ ಒತ್ತಿ, IPv4 ಅಂತ ಇರುವ ಸಾಲಿನಲ್ಲಿ ಯಾವ ನಂಬರ್ ಬರುತ್ತದೆ ನೋಡಿ.

169.254 ಕಂಡರೆ ಮೂರೂ ಕಂಪ್ಯೂಟರಿಗೆ ಕಾಯಂ ಐಪಿ ಕೊಟ್ಟುಬಿಡಿ, ರೂಟರ್ ತಾನಾಗಿ ಹಂಚುವ ನಂಬರುಗಳ ಸಾಲಿನಿಂದ ಹೊರಗಿನದ್ದು. ಕಂಪ್ಯೂಟರುಗಳ ಕೇಬಲ್ ಸೇರಿಸಲು ರೂಟರ್ ಅಲ್ಲದೆ ಬೇರೆ ನೆಟ್‌ವರ್ಕ್ ಸ್ವಿಚ್ ಡಬ್ಬಿ ಇದ್ದರೆ ಆಮೇಲೆ ರೂಟರ್ ಏಳದಿದ್ದರೂ ಬಿಲ್ಲು ನಡೆಯುತ್ತದೆ. ಡೇಟಾ ಇರುವ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವಿಸೇ (ಹಿಂದೆ ಓಡುತ್ತಾ ಡೇಟಾ ಒದಗಿಸುವ ಪ್ರೋಗ್ರಾಂ) ಶುರುವಾಗದೆ ನಿಂತಿದ್ದರೆ, ವಿಂಡೋಸಿನ ಸರ್ವಿಸಸ್‌ನಲ್ಲಿ ಅದನ್ನು ಆಟೊಮ್ಯಾಟಿಕ್ ಡಿಲೇಡ್ ಸ್ಟಾರ್ಟ್ (ಸ್ವಲ್ಪ ತಡೆದು ತಾನೇ ಶುರುವಾಗುವುದು) ಮಾಡಿ, ರಿಕವರಿ ಟ್ಯಾಬಿನಲ್ಲಿ ಮೊದಲ ಸಲ ಫೇಲ್ ಆದರೆ ರೀಸ್ಟಾರ್ಟ್ ಅಂತ ಇಡಿ. ಯಾರಾದರೂ ಸೆಟ್ಟಿಂಗ್ ಬದಲಿಸಬಹುದಾದ ದುಬಾರಿ ಮ್ಯಾನೇಜ್ಡ್ ಸ್ವಿಚ್ ಹಾಕಿಕೊಟ್ಟಿದ್ದರೆ ಅದರ ಸ್ಪ್ಯಾನಿಂಗ್ ಟ್ರೀ (ಕೇಬಲ್ಲುಗಳು ಸುತ್ತು ಹಾಕಿಕೊಳ್ಳದಂತೆ ನೋಡುವ ವ್ಯವಸ್ಥೆ) ಪ್ರತಿ ಪೋರ್ಟನ್ನೂ 30 ಸೆಕೆಂಡ್ ತಡೆದು ಹಿಡಿಯಬಹುದು, ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ.

ಇನ್ನು ಮಳೆಗಾಲ. ನಮ್ಮ ಕಡೆ ಕರೆಂಟ್ ಹೋಗಿ ಬರುವುದಕ್ಕೆ ಲೆಕ್ಕವಿಲ್ಲ ಅಲ್ವಾ. ಕಂಪ್ಯೂಟರ್ ಯುಪಿಎಸ್‌ನಲ್ಲಿ, ರೂಟರ್ ಮತ್ತು ಸ್ವಿಚ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ, ಇದನ್ನು ಎಷ್ಟು ಅಂಗಡಿಯಲ್ಲಿ ನೋಡಿದ್ದೇನೋ! ಅವೆರಡನ್ನೂ ಯುಪಿಎಸ್‌ಗೇ ಸಿಕ್ಕಿಸಿ. ಅವು ತಿನ್ನುವ ಕರೆಂಟ್ ಏನೂ ಅಲ್ಲ.

ಐಪಿ ಸರಿಯಾಗಿ 192.168 ಅಂತ ಬಂದೂ ಎರರ್ ಬರುತ್ತಿದ್ದರೆ ರೂಟರಿನದ್ದಲ್ಲ, ಡೇಟಾ ಕಂಪ್ಯೂಟರಿನ ಕಡೆ ನೋಡಬೇಕು. ಎರರಿನ ಫೋಟೋ ಹಾಕಿ, ನೋಡುತ್ತೇನೆ.