ಎಫ್‌ಡಿ ಇಡಬೇಡಿ, ಅರ್ಜಿ ಕೊಡಿ

(ಹಳ್ಳಿ ಶಾಖೆಗಳಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಗಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಮೇಡಂ, ನಮ್ಮದು ಹನ್ನೆರಡು ಹೆಂಗಸರ ಸಂಜೀವಿನಿ ಸ್ವಸಹಾಯ ಸಂಘ. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ರೊಟ್ಟಿ ವ್ಯಾಪಾರ ದೊಡ್ಡದು ಮಾಡೋಣ ಅಂತ ಬ್ಯಾಂಕಿನಲ್ಲಿ 3 ಲಕ್ಷ ಸಾಲ ಕೇಳಿದೆವು. ಉಳಿತಾಯದಲ್ಲಿ 60 ಸಾವಿರ ಎಫ್‌ಡಿ ಇಡಿ, ಗಂಡಂದಿರ ಸಹಿ ಹಾಕಿಸಿ ಅನ್ನುತ್ತಾರೆ. ಇದು ಸರಿಯಾ?
– ಓದುಗರು, ಕುಷ್ಟಗಿ ತಾಲ್ಲೂಕು

ಸರಿಯಲ್ಲ. ಎಫ್‌ಡಿ ಇಡಬೇಡಿ. ನಿಮ್ಮಂಥ ಸಂಘಕ್ಕೆ 10 ಲಕ್ಷದವರೆಗಿನ ಸಾಲ ಕೊಡುವಾಗ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣ ಹಿಡಿದಿಟ್ಟುಕೊಳ್ಳುವಂತಿಲ್ಲ, ಠೇವಣಿ ಇಡಿ ಅಂತ ಒತ್ತಾಯಿಸುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲೇ ಇದೆ. 2021ರಿಂದ 20 ಲಕ್ಷದವರೆಗೂ ಅಡಮಾನ ಬೇಡ. ಇನ್ನು ಗಂಡಂದಿರ ಸಹಿ. ಸಾಲ ಪಡೆಯುವುದು ಸಂಘ, ಅವರು ಸಂಘದ ಸದಸ್ಯರೇ ಅಲ್ಲ. ಅವರಿಗೆ ಇಲ್ಲೇನು ಕೆಲಸ?

ಬಾಯಿಮಾತಿನಲ್ಲಿ ವಾದ ಮಾಡಬೇಡಿ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಗುವುದಿಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಬಹಳ ಷರತ್ತುಗಳು ಅಲ್ಲೇ ಮಾಯವಾಗುತ್ತವೆ! ಆಗಲೂ ಬಗ್ಗದಿದ್ದರೆ ಬ್ಯಾಂಕಿಗೆ ದೂರು ಬರೆದು, ಪ್ರತಿಯನ್ನು ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದರ ವಿವರ 14448ಕ್ಕೆ ಫೋನ್ ಮಾಡಿದರೆ ಸಿಗುತ್ತದೆ.

ಆ ಕುರ್ಚಿಯಲ್ಲಿ ಕೂತಿದ್ದವಳಾಗಿ ಇನ್ನೊಂದು ಮಾತು. ಮ್ಯಾನೇಜರ್ ಎಫ್‌ಡಿ ಕೇಳುವುದು ಎಷ್ಟೋ ಸಲ ಭಯದಿಂದ, ಆ ಭಯ ಹುಟ್ಟುವುದು ನಿಮ್ಮ ನಡಾವಳಿ ಪುಸ್ತಕ ನೋಡಿ. ನಾನು ಸಾಲದ ಅರ್ಜಿಗಿಂತ ಮೊದಲು ಆ ಪುಸ್ತಕ ತೆಗೆಯುತ್ತಿದ್ದೆ. ಕೆಲವು ಪುಸ್ತಕಗಳಲ್ಲಿ ಎರಡು ತಿಂಗಳ ಸಹಿಯೆಲ್ಲ ಒಂದೇ ಪೆನ್ನು, ಒಂದೇ ಶಾಯಿ. ಎಲ್ಲಾ ಸಭೆಗೂ ಎಲ್ಲರೂ ಹಾಜರ್. ಬ್ಯಾಂಕಿಗೆ ಬರುವ ಹಿಂದಿನ ರಾತ್ರಿ ಕೂತು ತುಂಬಿದ್ದು ಅಂತ ಯಾರಿಗೂ ಗೊತ್ತಾಗುತ್ತದೆ. ಇನ್ನು ಕೆಲವದರಲ್ಲಿ ಎಣ್ಣೆ ಕಲೆ, ಅಲ್ಲಲ್ಲಿ ಹೆಬ್ಬೆಟ್ಟು, ‘ಇಬ್ಬರು ತಡ, ತಲಾ 5 ರೂ. ದಂಡ’ ಅಂತ ಅಂಕುಡೊಂಕು ಅಕ್ಷರ. ಅಂಥ ಸಂಘಕ್ಕೆ ನಾನು ಕಣ್ಣುಮುಚ್ಚಿ ಸಾಲ ಕೊಡುತ್ತಿದ್ದೆ.

ನಿಮ್ಮ ಪುಸ್ತಕ ಬರೆಯುವವರು ಯಾರು? ಅಧ್ಯಕ್ಷೆಯ ಮಗನೋ, ಕಾರ್ಯದರ್ಶಿಯ ಯಜಮಾನರೋ ಬರೆಯುತ್ತಿದ್ದರೆ ಈ ವಾರದಿಂದಲೇ ನಿಲ್ಲಿಸಿ. ಸಂಘಗಳ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಎಂಬಿಕೆಯನ್ನು ಕೂರಿಸಿಕೊಂಡು ನಿಮ್ಮಲ್ಲಿಬ್ಬರು ಕಲಿಯಿರಿ. ಒಬ್ಬರೇ ಬೇಡ, ಇಬ್ಬರು. ಒಬ್ಬರಿಗೇ ಲೆಕ್ಕ ಗೊತ್ತಿದ್ದರೆ ಸಂಘ ಅವರ ಮನೆಯದಾಗಿಬಿಡುತ್ತದೆ. ಸಭೆ ಮುಗಿಯುವ ಮುಂಚೆ ಯಾರ ಉಳಿತಾಯ ಎಷ್ಟು, ಯಾರ ಸಾಲ ಎಷ್ಟು ಬಾಕಿ ಅಂತ ಎಲ್ಲರಿಗೂ ಓದಿ ಹೇಳಿ.

ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಬಿಲ್ಲಿಗೆ ಡಿಜಿಟಲ್ ಸಹಿ ಹಾಕುವ ನನ್ನ ಡಾಂಗಲ್ ಯಜಮಾನರ ಹತ್ತಿರವೇ ಇದೆ. ಕೇಳಿದರೆ ‘ನಿನಗ್ಯಾಕೆ ತಲೆನೋವು’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಹಾವೇರಿ ಜಿಲ್ಲೆ

ತಲೆನೋವು ನಿಮಗೇ ಬರುವುದು, ಅದನ್ನೇ ಅವರಿಗೆ ಹೇಳಿ. ಆ ಡಾಂಗಲ್ ನಿಮ್ಮ ಸಹಿ. ಪಂಚಾಯ್ತಿ ಹಣದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಡಾಂಗಲ್ ವಾಪಸ್ ಪಡೆದು ಪಾಸ್‌ವರ್ಡ್ ಬದಲಾಯಿಸಿ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಹಾಯ ಮಾಡುತ್ತಾರೆ. ಬಿಲ್ ಮುಂದಿಟ್ಟರೆ ‘ಕೆಲಸ ಎಲ್ಲಿ ಆಗಿದೆ, ನೋಡಿ ಬರೋಣ’ ಅನ್ನಿ. ಚರಂಡಿ ಆಗಿದೆಯೋ ಇಲ್ಲವೋ ನೋಡೋಕೆ ಎಂಜಿನಿಯರಿಂಗ್ ಓದಬೇಕಿಲ್ಲ ಅಲ್ವಾ? ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು, 2010ರಲ್ಲಿ ಅದು ಅರ್ಧಕ್ಕೆ ಏರಿತು. ಕಾನೂನು ಆ ಕುರ್ಚಿ ಕೊಟ್ಟಿದ್ದು ನಿಮಗೆ. ಯಜಮಾನರು ಬೈಕಿನಲ್ಲಿ ಬಿಟ್ಟು ಹೋಗಲಿ. ಸಭೆ ಮುಗಿಯುವ ತನಕ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯಲಿ, ಬೇಡ ಅನ್ನಲ್ಲ.

ಸಂಘದಲ್ಲಿ ಒಂದೂವರೆ ರೂಪಾಯಿ ಬಡ್ಡಿ. ಫೈನಾನ್ಸಿನವನು ಒಂದೇ ರೂಪಾಯಿಗೆ 60 ಸಾವಿರ ಕೊಡುತ್ತೇನೆ ಅನ್ನುತ್ತಾನೆ. ತಗೊಳ್ಳಲಾ?
– ಓದುಗರು, ಚಳ್ಳಕೆರೆ

ಅವನು ಬಡ್ಡಿ ಹಾಕುವುದು ಉಳಿದ ಬಾಕಿಗೋ, ಪೂರ್ತಿ 60 ಸಾವಿರಕ್ಕೋ, ಮೊದಲು ಕೇಳಿ. ತಿಂಗಳಿಗೆ 5 ಸಾವಿರ ಅಸಲು ಕಟ್ಟುತ್ತಾ ಹೋದರೂ ಕೊನೆ ತನಕ 600 ರೂಪಾಯಿ ಬಡ್ಡಿ ಕೇಳಿದರೆ ವರ್ಷಕ್ಕೆ 7,200 ಆಗುತ್ತದೆ. ನಿಮ್ಮ ಸಂಘ ಬಾಕಿ ಮೇಲಷ್ಟೇ ಬಡ್ಡಿ ಹಾಕುತ್ತಿದ್ದರೆ ಒಂದೂವರೆ ರೂಪಾಯಿಗೂ 5,850 ರೂಪಾಯಿ ಅಷ್ಟೆ. ಸಂಘದ ಬಡ್ಡಿ ತಿರುಗಿ ನಿಮ್ಮ ಸಂಘಕ್ಕೇ ಬರುತ್ತದೆ. ಅವನದರಲ್ಲಿ ಸಂಸ್ಕರಣಾ ಶುಲ್ಕ, ವಿಮೆ ಅಂತ ಮೊದಲೇ ಎಷ್ಟು ಮುರಿದುಕೊಳ್ಳುತ್ತಾನೆ ಅನ್ನುವುದನ್ನೂ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.