ಜುಲೈ 4 ಗೊತ್ತು, ಜುಲೈ 2 ಗೊತ್ತಾ?

ತಮ್ಮಾ, ಡಲ್ಲಾಸ್‌ಗೆ ಬಂದು ಇನ್ನೂ ಪೆಟ್ಟಿಗೆ ಪೂರ್ತಿ ಬಿಚ್ಚಿಲ್ಲ ಅಂತೀಯ, ಆಗಲೇ ಒಳ್ಳೆ ಪ್ರಶ್ನೆ ಕೇಳಿದ್ದೀಯ. ಎಚ್‌ಆರ್‌ನವರು ಕೊಟ್ಟ ರಜೆ ಪಟ್ಟಿಯಲ್ಲಿ ಮೆಮೋರಿಯಲ್ ಡೇ, ವೆಟರನ್ಸ್ ಡೇ, ಜೂನ್‌ಟೀಂತ್ ಅಂತೆಲ್ಲ ಇದೆ, ಯಾವತ್ತು ಯಾರಿಗೆ ಏನು ಹೇಳಬೇಕು, ಲಂಚ್‌ನಲ್ಲಿ ಅಮೆರಿಕದವರ ಇತಿಹಾಸ ಬಂದರೆ ಬಾಯಿ ಬಿಡೋಕೆ ಯಾವ ತಾರೀಖು ಗೊತ್ತಿರಬೇಕು, ದೀಪಾವಳಿಗೆ ರಜೆ ಸಿಗುತ್ತಾ ಅಂತ. ಬಾಡಿಗೆ, ಕಾರು, ಕ್ರೆಡಿಟ್ ಸ್ಕೋರ್ ಬಿಟ್ಟು ಬೇರೇನಾದರೂ ಕೇಳುವವರು ಅಪರೂಪ. ವಯಸ್ಸಿನಲ್ಲಿ ಚಿಕ್ಕವನು, 'ನೀನು' ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ನಾನು ಬಂದಿದ್ದು 1999ರ ಜನವರಿಯಲ್ಲಿ, 2000ನೇ ಇಸವಿ ಬಂದರೆ ಕಂಪ್ಯೂಟರ್‌ಗಳು ಕೆಡುತ್ತವೆ ಅನ್ನುವ ವೈ2ಕೆ ಗಲಾಟೆಯಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ. ಒಂದು ಸೋಮವಾರ ಡಬ್ಬಿ ಹಿಡಿದು ಆಫೀಸಿಗೆ ಹೋದರೆ ಪಾರ್ಕಿಂಗ್ ಲಾಟ್ ಪೂರ್ತಿ ಖಾಲಿ. ಸೆಕ್ಯುರಿಟಿಯವನು ಗಾಜಿನಾಚೆಯಿಂದಲೇ ಕೈ ಆಡಿಸಿ, ಇವತ್ತು ವಾಷಿಂಗ್ಟನ್ ಹುಟ್ಟಿದ ದಿನ, ಮನೆಗೆ ಹೋಗು ಅಂದ. ತಮಾಷೆ ಅಂದರೆ ಅದು ಮೊದಲ ಅಧ್ಯಕ್ಷ ವಾಷಿಂಗ್ಟನ್ ಹುಟ್ಟಿದ ದಿನವೇ ಅಲ್ಲ. ಅವರು ಹುಟ್ಟಿದ್ದು 1732ರ ಫೆಬ್ರವರಿ 22. ಜನಕ್ಕೆ ಮೂರು ದಿನ ಒಟ್ಟಿಗೆ ರಜೆ ಸಿಗಲಿ ಅಂತ 1968ರಲ್ಲಿ ಒಂದು ಕಾನೂನು ಮಾಡಿ, 1971ರಿಂದ ಕೆಲವು ರಜೆಗಳನ್ನು ಸೋಮವಾರಕ್ಕೆ ತಳ್ಳಿದರು. ಫೆಬ್ರವರಿಯ ಮೂರನೇ ಸೋಮವಾರ 15ರಿಂದ 21ರೊಳಗೇ ಬರಬೇಕು, 22 ಯಾವತ್ತೂ ಸಿಗೋದಿಲ್ಲ! ನಾವೇನು ಕಮ್ಮಿ? ನವೆಂಬರ್ 1ರ ರಾಜ್ಯೋತ್ಸವವನ್ನು ಕನ್ನಡ ಕೂಟದವರು ಸ್ಕೂಲ್ ಆಡಿಟೋರಿಯಂ ಖಾಲಿ ಸಿಕ್ಕ ಶನಿವಾರ ಮಾಡುತ್ತಾರೆ. ಯುಗಾದಿಯ ಬೇವುಬೆಲ್ಲ ಏಪ್ರಿಲ್ ಕೊನೆಗೆ ತಿಂದಿದ್ದೂ ಉಂಟು.

ಮೆಮೋರಿಯಲ್ ಡೇ ಮೇ ಕೊನೆಯ ಸೋಮವಾರ, ಯುದ್ಧದಲ್ಲಿ ಸತ್ತವರಿಗೆ. ವೆಟರನ್ಸ್ ಡೇ ನವೆಂಬರ್ 11, ಸೈನ್ಯದಲ್ಲಿ ದುಡಿದ ಎಲ್ಲರಿಗೂ. 1918ರಲ್ಲಿ ಮೊದಲ ಮಹಾಯುದ್ಧ ನಿಂತ ತಾರೀಖು ಅದು. ಅದನ್ನೂ ಸೋಮವಾರಕ್ಕೆ ತಳ್ಳಿ ನೋಡಿದರು, ಜನ ಒಪ್ಪಲಿಲ್ಲ, 1978ರಲ್ಲಿ 11ಕ್ಕೇ ವಾಪಸ್ ತಂದರು. ಮೇ ತಿಂಗಳಲ್ಲಿ ಅಂಗಡಿಯವರು ಹಾಸಿಗೆ ಸೇಲ್ ಹಾಕುತ್ತಾರೆ ಅಂತ ನೀನೂ 'ಹ್ಯಾಪಿ' ಸೇರಿಸಿ ವಿಶ್ ಮಾಡಬೇಡ. ಅದು ನಮ್ಮ ಪಕ್ಷಮಾಸದ ಹಾಗೆ. ಒಮ್ಮೆ ಸೈನಿಕರ ಸ್ಮಶಾನಕ್ಕೆ ಹೋಗಿ ನೋಡು, ಒಂದೊಂದು ಕಲ್ಲಿನ ಮುಂದೂ ಗೇಣುದ್ದದ ಬಾವುಟ ನೆಟ್ಟಿರುತ್ತಾರೆ.

ಜೂನ್‌ಟೀಂತ್ ನಿಮ್ಮ ಟೆಕ್ಸಸ್‌ನದೇ. ಅಧ್ಯಕ್ಷ ಲಿಂಕನ್ ಕಪ್ಪು ಗುಲಾಮರ ಬಿಡುಗಡೆ ಘೋಷಿಸಿದ್ದು 1863ರ ಜನವರಿ 1ಕ್ಕೆ. ಗ್ಯಾಲ್ವೆಸ್ಟನ್‌ಗೆ ಜನರಲ್ ಗ್ರೇಂಜರ್ ಸೈನ್ಯ ತಂದು ಅದನ್ನು ಜಾರಿಗೆ ತಂದಿದ್ದು 1865ರ ಜೂನ್ 19ಕ್ಕೆ. ದೇಶದ ರಜೆ ಆಗಿದ್ದು 2021ರಲ್ಲಿ. 'ಅದೆಲ್ಲ ಅವರದ್ದು, ನಮಗೇನು' ಅನ್ನುವ ನಮ್ಮವರು ಸಿಗುತ್ತಾರೆ. ಅವರ ಮಾತಿಗೆ ತಲೆ ಆಡಿಸಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಯಾರಾದರೂ ಕರೆದರೆ ಹೋಗು. ಸಸ್ಯಾಹಾರಿ ಅಂತ ಮೊದಲೇ ಹೇಳು, ಗ್ರೇವಿಯಲ್ಲಿ ಕೋಳಿ ಸಾರು ಇರುತ್ತೆ. ಚಿತ್ರಾನ್ನ ಮಾಡಿಕೊಂಡು ಹೋದರೆ ಮೊದಲು ಖಾಲಿಯಾಗೋದು ಅದೇ.

ಇನ್ನು ತಾರೀಖಿನ ವಿಷಯ. ರಜೆ ಪಟ್ಟಿಯಲ್ಲಿ ಇಲ್ಲದ ಜುಲೈ 2 ನೆನಪಿಟ್ಟುಕೋ. 1776ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು ಅವತ್ತು, ಸ್ವಾತಂತ್ರ್ಯ ದಿನ ಅಂತ ಆಚರಿಸುವ 4ಕ್ಕೆ ಒಪ್ಪಿದ್ದು ಘೋಷಣೆಯ ಪಠ್ಯವನ್ನು. ಮುಂದಿನ ಪೀಳಿಗೆಯವರು ಜುಲೈ 2ನ್ನೇ ದೊಡ್ಡ ಹಬ್ಬ ಮಾಡುತ್ತಾರೆ ಅಂತ ಆ ಮತ ಹಾಕಿದ ನಾಯಕರಲ್ಲೊಬ್ಬರಾದ ಜಾನ್ ಆಡಮ್ಸ್ ಹೆಂಡತಿಗೆ ಬರೆದಿದ್ದರು, ಪಾಪ. ಕೊನೆಗೆ ಆಡಮ್ಸ್, ಘೋಷಣೆ ಬರೆದ ಜೆಫರ್ಸನ್ ಇಬ್ಬರೂ ತೀರಿಕೊಂಡಿದ್ದು 1826ರ ಜುಲೈ 4ರಂದು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಕಾನೂನಿನಿಂದ ಭಾರತೀಯರಿಗೆ ಇಲ್ಲಿನ ಪೌರತ್ವದ ಹಕ್ಕು ಬಂತು, ವರ್ಷಕ್ಕೆ 100 ಜನ ಬರಬಹುದು ಅಂತಾಯಿತು. ಬರೀ ನೂರು! ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ ಸಿವಿಲ್ ರೈಟ್ಸ್ ಕಾಯ್ದೆಗೆ ಸಹಿ ಬಿದ್ದಿದ್ದು 1964ರ ಜುಲೈ 2. ಕಪ್ಪು ಜನ ಬೀದಿಗಿಳಿದು ಬಣ್ಣದ ಲೆಕ್ಕವನ್ನು ಒಂದು ಕಡೆ ಮುರಿದ ಮೇಲೆ ವಲಸೆಯಲ್ಲಿ ಅದನ್ನು ಉಳಿಸಿಕೊಳ್ಳೋದು ಇವರಿಗೂ ಕಷ್ಟವಾಯಿತು. ಮಾರನೇ ವರ್ಷ, 1965ರ ಅಕ್ಟೋಬರ್ 3ರಂದು, ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ನೀನು, ನಾನು ಇಲ್ಲಿರೋದು ಅದರಿಂದ, ಜೂನ್‌ಟೀಂತ್ ನಮಗೇನು ಅನ್ನಬಾರದು ಅಂದಿದ್ದು ಅದಕ್ಕೇ.

2007ರ ಜುಲೈ 2 ನಮ್ಮ ಬ್ಯಾಚಿನವರು ಮರೆಯೋದಿಲ್ಲ. ಜುಲೈನಲ್ಲಿ ಸಾಲಿನಲ್ಲಿದ್ದ ನಮ್ಮಂಥ ಕೆಲಸದವರೆಲ್ಲ ಗ್ರೀನ್ ಕಾರ್ಡಿನ ಕೊನೆಯ ಅರ್ಜಿ ಹಾಕಬಹುದು ಅಂತ ಸರ್ಕಾರದ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಬಂದಿತ್ತು. ಎಲ್ಲರೂ ಮೆಡಿಕಲ್ ಮಾಡಿಸಿ, ಫೋಟೋ ತೆಗೆಸಿ ಕೂತಿದ್ದೆವು. 2ನೇ ತಾರೀಖು ವೀಸಾ ನಂಬರ್ ಖಾಲಿ, ಅರ್ಜಿ ಹಾಕೋ ಹಾಗಿಲ್ಲ ಅಂದರು. ನಮ್ಮ ಜನ ಗಾಂಧಿಗಿರಿ ಅಂತ ವಲಸೆ ಇಲಾಖೆಗೆ ಹೂವಿನ ಬೊಕೆ ಕಳಿಸಿದರು, ಇಲ್ಲೇ ಸ್ಯಾನ್ ಹೋಸೆಯಲ್ಲಿ ಮೆರವಣಿಗೆ ಹೊರಟಿತು. 17ಕ್ಕೆ ಮತ್ತೆ ಬಾಗಿಲು ತೆಗೆದರು. ನಾನೂ ಆಗಲೇ ಅರ್ಜಿ ಹಾಕಿದ್ದು.

ಮುಂದಿನ ವರ್ಷದ ಕೊನೆಗೆ ಹಾಸನದಲ್ಲಿ ಅಪ್ಪ ಹೋದರು. ಆಗ ನಾನು ಎಚ್-1 ಕೆಲಸದ ವೀಸಾ ಬಿಟ್ಟು, ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರಿಗೆ ಕೊಡುವ ಕೆಲಸದ ಪರವಾನಗಿ, ಅಂದರೆ ಇಎಡಿ ಮೇಲೆ ಕೆಲಸ ಮಾಡುತ್ತಿದ್ದೆ. ದೇಶದಾಚೆ ಹೋಗಿ ಬರೋಕೆ ಬೇಕಾದ ಪ್ರಯಾಣದ ಪತ್ರದ ಅವಧಿ ಮುಗಿದಿತ್ತು, ಹೊಸದು ಬಂದಿರಲಿಲ್ಲ. ದೇಶ ಬಿಟ್ಟರೆ ಅರ್ಜಿ ಕೈಬಿಟ್ಟ ಹಾಗೆ ಅಂದರು ವಕೀಲರು. ನಾನು ಹಿರಿಮಗ. ಕ್ರಿಯೆ ತಮ್ಮ ಮಾಡಿದ. ಕಾಲಿಂಗ್ ಕಾರ್ಡ್ ಕೆರೆದು ನಂಬರ್ ಒತ್ತಿದೆ, ತಮ್ಮನ ಹೆಂಡತಿ ಫೋನನ್ನು ಪುರೋಹಿತರ ಪಕ್ಕ ಹಿಡಿದಳು. ಮಂತ್ರದ ನಡುವೆ ಅವರು 'ಎಳ್ಳು ಬಿಡಿ, ನೀರು ಬಿಡಿ' ಅನ್ನೋದು ಕೇಳುತ್ತಿತ್ತು. ಇಲ್ಲಿ ಅಡುಗೆಮನೆಯಲ್ಲಿ ನಡುರಾತ್ರಿ, ನಾನು ಏನನ್ನೂ ಬಿಡುವ ಹಾಗಿರಲಿಲ್ಲ. ಕಾರ್ಡಿನ ನಿಮಿಷ ಮುಗಿದು ಲೈನ್ ಕಟ್ ಆಯಿತು. ಈಗ ಪೌರತ್ವ ಬಂದಿದೆ, ಬೇಕೆಂದಾಗ ಹೋಗಿ ಬರುತ್ತೇನೆ. ಅಮ್ಮ ಆ ಮಾತು ಎತ್ತೋದೇ ಇಲ್ಲ, ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಇದಾದ ಮೇಲೆಯೇ ನಾನು ಫೆಬ್ರವರಿ 19ರ ಬಗ್ಗೆ ಓದಿದ್ದು. 1923ರಲ್ಲಿ ಅವತ್ತು ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಗೆ ಸುಪ್ರೀಂ ಕೋರ್ಟ್, ಸಾಮಾನ್ಯ ಜನ ಬಿಳಿಯ ಅಂತ ಯಾರನ್ನು ಕರೆಯುತ್ತಾರೋ ಅವನು ನೀನಲ್ಲ, ಹಾಗಾಗಿ ನಿನಗೆ ಪೌರತ್ವ ಇಲ್ಲ ಅಂತ ಹೇಳಿತು. ಮೊದಲ ಮಹಾಯುದ್ಧದಲ್ಲಿ ಇವರದೇ ಸೈನ್ಯದಲ್ಲಿ ದುಡಿದಿದ್ದ ಮನುಷ್ಯ. ಅದೇ ತೀರ್ಪು ಹಿಡಿದು ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಅವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಒಬ್ಬರು. ಊರಿನವರನ್ನು ನೋಡಿ ಬರೋಣ ಅಂದರೆ ಪಾಸ್‌ಪೋರ್ಟ್ ಕೊಡಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಹೋಗೋದು ಅವರಿಗೆ ಬೇಡವಾಗಿತ್ತು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ನನ್ನದು ಕಾಗದ ತಡವಾದ ಕಷ್ಟ, ಅವರದು ಬೇರೆ, ಹೋಲಿಸಬಾರದು. ಆದರೂ ಆ ಪಾಸ್‌ಪೋರ್ಟಿನ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ. 1942ರಲ್ಲಿ ಅದೇ ತಾರೀಖು ಅಧ್ಯಕ್ಷ ರೂಸ್‌ವೆಲ್ಟ್ ಹಾಕಿದ ಸಹಿಯಿಂದ ಜಪಾನೀ ಮೂಲದವರನ್ನು ಶಿಬಿರಗಳಿಗೆ ತಳ್ಳಿದರು. ಇಲ್ಲಿನ ಜಪಾನ್‌ಟೌನ್‌ನಲ್ಲಿ ವರ್ಷ ವರ್ಷ ಅದನ್ನು ನೆನೆಯುತ್ತಾರೆ. ನಮ್ಮವರು 1923ನ್ನು ನೆನೆಯೋದನ್ನು ನಾನಂತೂ ಕಂಡಿಲ್ಲ.

ಲಂಚ್‌ನಲ್ಲಿ ಇದೆಲ್ಲ ಹೇಳಬೇಕಿಲ್ಲ, ಜುಲೈ 2ರ ಆಡಮ್ಸ್ ಕಥೆ ಸಾಕು, ಇಲ್ಲಿಯವರಿಗೇ ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಮುಂದೆ ಇಎಡಿ ಬಂತು ಅಂತ ಎಚ್-1 ಬಿಡಬೇಡ. ಪ್ರಯಾಣದ ಪತ್ರದ ಅವಧಿ ಮುಗಿಯುವ ತಿಂಗಳುಗಳ ಮೊದಲೇ ಹೊಸದಕ್ಕೆ ಹಾಕು, ಆಪತ್ತಿಗೆ ತುರ್ತಾಗಿ ಕೇಳುವ ದಾರಿ ಏನು ಅಂತ ವಕೀಲರ ಹತ್ತಿರ ಈಗಲೇ ಕೇಳಿಟ್ಟುಕೋ. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರೋದರಿಂದ ನಿನ್ನ ಸಾಲು ನನ್ನದಕ್ಕಿಂತ ಉದ್ದ.

ದೀಪಾವಳಿ ನಿಮ್ಮ ಪಟ್ಟಿಯಲ್ಲಿ ಇಲ್ಲ ತಾನೆ, ಮ್ಯಾನೇಜರ್‌ಗೆ ಒಂದು ತಿಂಗಳು ಮೊದಲೇ ಹೇಳಿ ನಿನ್ನ ಸ್ವಂತ ರಜೆ ಹಾಕು. ಯಾವ ದಿನ ಅಂತ ಊರಿಗೆ ಫೋನ್ ಮಾಡಿ ಕೇಳಬೇಡ, ಇಲ್ಲಿನ ತಿಥಿ ಒಮ್ಮೊಮ್ಮೆ ಒಂದು ದಿನ ಆಚೀಚೆ ಆಗುತ್ತೆ, ನಿಮ್ಮ ಡಲ್ಲಾಸ್‌ನ ದೇವಸ್ಥಾನದವರ ಕ್ಯಾಲೆಂಡರ್ ನೋಡು.