ಸಾಂಟಾ ರೋಸಾದ ಕಾರ್ಟೂನ್ ಕ್ಯಾಂಪ್ ಬಗ್ಗೆ ಕೇಳಿದವರಿಗೆ

ನಿಮ್ಮ ಪ್ರಶ್ನೆ ನೋಡಿದೆ. ಮಗಳಿಗೆ ಎಂಟು ವರ್ಷ, ಹೋಮ್‌ವರ್ಕ್ ಪುಸ್ತಕದ ಅಂಚಿನ ತುಂಬ ಬೆಕ್ಕು, ನಾಯಿ, ಸಿಟ್ಟು ಬಂದ ಟೀಚರ್. ಸ್ನೂಪಿ, ಚಾರ್ಲಿ ಬ್ರೌನ್ ಇರುವ "ಪೀನಟ್ಸ್" ಕಾರ್ಟೂನ್ ಬರೆದ ಚಾರ್ಲ್ಸ್ ಶುಲ್ಜ್ ಹೆಸರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿರುವ ಮ್ಯೂಸಿಯಂನವರ ಕಾರ್ಟೂನ್ ಕ್ಲಾಸಿಗೋ ಬೇಸಿಗೆ ಕ್ಯಾಂಪಿಗೋ ಸನ್ನಿವೇಲ್‌ನಿಂದ ಅಷ್ಟು ದೂರ ಕರ್ಕೊಂಡು ಹೋಗಬೇಕಾ, ಇಲ್ಲಾ ಮನೆ ಹತ್ತಿರದ ಡ್ರಾಯಿಂಗ್ ಕ್ಲಾಸೇ ಸಾಕಾ ಅಂತ ಕೇಳಿದ್ದೀರಿ. ಅದರ ಕೆಳಗೆ ಒಬ್ಬರು "ಮೊದಲು ನೆಟ್ಟಗೆ ಚಿತ್ರ ಬರೆಯೋದು ಕಲಿಯಲಿ, ಕಾರ್ಟೂನು ಆಮೇಲೆ" ಅಂದಿದ್ದಾರೆ. ನನ್ನ ಮಗ ಅಲ್ಲಿನ ಕ್ಲಾಸು, ಕ್ಯಾಂಪು ಎರಡಕ್ಕೂ ಹೋಗಿ ಬಂದಿದ್ದಾನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ "ಆಮೇಲೆ" ಅನ್ನೋ ಮಾತು. ಅದನ್ನು ನಾನು ಒಪ್ಪಲ್ಲ. ಟೀಚರ್‌ಗೆ ಸಿಟ್ಟು ಬಂದಿದೆ ಅಂತ ನೋಡಿದ ಕೂಡಲೇ ಗೊತ್ತಾಗೋ ಹಾಗೆ ಬರೆದಿದ್ದಾಳೆ ಅಂದ್ರೆ ಕಾರ್ಟೂನು ಆಗಲೇ ಶುರುವಾಗಿದೆ. ಹಣ್ಣಿನ ಬುಟ್ಟಿಗೆ ನೆರಳು ಕೊಡೋದು ಒಂದು ವಿದ್ಯೆ, ಎರಡು ಗೆರೆಯ ಹುಬ್ಬಿನಲ್ಲಿ ಕೋಪ ತೋರಿಸೋದು ಇನ್ನೊಂದು ವಿದ್ಯೆ. ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು ಅಂತೇನಿಲ್ಲ. ಶುಲ್ಜ್ ಕಥೆಯನ್ನೇ ನೋಡಿ. ಅವರು ಕಾರ್ಟೂನ್ ಕಲಿತದ್ದು ಅಂಚೆ ಮೂಲಕ ನಡೆಯುವ ಕೋರ್ಸಿನಲ್ಲಿ. ಅದರಲ್ಲಿ ಮಕ್ಕಳ ಚಿತ್ರ ಬರೆಯುವ ಪಾಠಕ್ಕೆ ಅವರಿಗೆ ಸಿಕ್ಕಿದ್ದು ಸಿ ಪ್ಲಸ್, ಅಂದ್ರೆ ಸಾಧಾರಣ ಗ್ರೇಡ್. ಅದೇ ಮನುಷ್ಯ 1950ರ ಅಕ್ಟೋಬರ್‌ನಿಂದ 2000ದ ಫೆಬ್ರವರಿವರೆಗೆ ಮಕ್ಕಳನ್ನೇ ಬರೆದರು. ಒಟ್ಟು 17,897 ಸ್ಟ್ರಿಪ್ (ಪೇಪರಿನಲ್ಲಿ ಸಾಲು ಚೌಕಗಳಲ್ಲಿ ಬರುವ ಕಾರ್ಟೂನು), ಸಹಾಯಕರಿಲ್ಲದೆ. ಪಾತ್ರಗಳ ಮಾತಿನ ಸುತ್ತ ಎಳೆಯುವ ಬಲೂನಿನೊಳಗಿನ ಅಕ್ಷರವೂ ಅವರ ಕೈಯದೇ.

ಇನ್ನು ಮನೆ ಹತ್ತಿರದ ಕ್ಲಾಸಿನಲ್ಲಿ ಸಿಗದ್ದು ಅಲ್ಲೇನಿದೆ ಅಂತ ಕೇಳಿದರೆ, ಪಾಠಕ್ಕಿಂತ ಗೋಡೆ ಅಂತೀನಿ. ಪಾಠ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಪಾತ್ರ ಮಾಡೋದು, ಮುಖಭಾವ, ಚೌಕಗಳಲ್ಲಿ ಕಥೆ, ಕೊನೆಯಲ್ಲಿ ನಗು. ಮ್ಯೂಸಿಯಂನಲ್ಲಿ ಮಗು ಮೂಲ ಚಿತ್ರದ ಮುಂದೆ ನಿಲ್ಲುತ್ತೆ. ಪೇಪರಿನಲ್ಲಿ ಅಂಗೈಯಷ್ಟು ಕಾಣುವ ನಾಲ್ಕು ಚೌಕದ ಸ್ಟ್ರಿಪ್ಪಿನ ಮೂಲ ಎರಡಡಿಗಿಂತ ಉದ್ದ ಇರುತ್ತೆ. ಹತ್ತಿರ ಹೋಗಿ ನೋಡಿದರೆ ಕೆಲವು ಕಡೆ ಶಾಯಿಯ ಪಕ್ಕ ಪೆನ್ಸಿಲಿನ ತೆಳು ಗೆರೆ ಉಳಿದಿರುತ್ತೆ. ಮಳೆ ಬರುವ ಸ್ಟ್ರಿಪ್ ಕಣ್ಣಿಗೆ ಬಿದ್ದರೆ ಅಲ್ಲಿ ಮಗಳನ್ನು ನಿಲ್ಲಿಸಿ. ಮೇಲಿಂದ ಕೆಳಗೆ ನಿಬ್ಬಿನ ಗೆರೆ, ಒಂದರ ಪಕ್ಕ ಒಂದು, ಒಂದೊಂದೂ ಬೇರೆ ದಪ್ಪ. ಮಳೆ ಅಂದ್ರೆ ನಾಲ್ಕು ಗೀಟು ಎಳೆದು ಎದ್ದು ಹೋಗುತ್ತಿದ್ದ ನನ್ನ ಮಗ ಅದನ್ನು ನೋಡಿದ ಮೇಲೆ ಮನೆಗೆ ಬಂದು ಒಂದಿಡೀ ಹಾಳೆ ಮಳೆ ಬರೆದ.

ಇನ್ನೊಂದು ಕೆಲಸ ಮಾಡಿ. ಎಪ್ಪತ್ತರ ದಶಕದ ಒಂದು ಸ್ಟ್ರಿಪ್, ತೊಂಬತ್ತರ ದಶಕದ ಒಂದು ಸ್ಟ್ರಿಪ್ ಎರಡೂ ಇದ್ದರೆ ತೋರಿಸಿ. 1981ರಲ್ಲಿ ಶುಲ್ಜ್‌ಗೆ ಹೃದಯದ ಆಪರೇಷನ್ ಆಯಿತು. ಆಮೇಲೆ ಕೈ ನಡುಗಲು ಶುರುವಾಯಿತು. ಕೊನೆಯ ವರ್ಷಗಳ ಗೆರೆ ನೋಡಿದರೆ ಗೊತ್ತಾಗುತ್ತೆ, ಸ್ನೂಪಿಯ ಬೆನ್ನು ಕೂಡ ಅಲುಗಿದಂತಿದೆ. ಆದರೂ ಅದು ಸ್ನೂಪಿಯೇ. "ನನಗೆ ಗೆರೆ ನೆಟ್ಟಗೆ ಬರಲ್ಲ" ಅಂತ ಹಾಳೆ ಹರಿಯುವ ಮಕ್ಕಳಿಗೆ ನಾವು ಏನು ಹೇಳಿದರೂ ತಲೆಗೆ ಹೋಗಲ್ಲ, ಇದು ಹೋಗುತ್ತೆ.

ದೊಡ್ಡ ಹಾಲ್‌ನಲ್ಲಿ ಒಂದು ಗೋಡೆ ತುಂಬ 3,588 ಟೈಲ್ ಇವೆ. ಒಂದೊಂದರ ಮೇಲೂ ಒಂದು ಸ್ಟ್ರಿಪ್. ದೂರದಿಂದ ನೋಡಿದರೆ ಲೂಸಿ ಚೆಂಡು ಹಿಡಿದಿದ್ದಾಳೆ, ಚಾರ್ಲಿ ಬ್ರೌನ್ ಒದೆಯೋಕೆ ಓಡಿ ಬರ್ತಿದ್ದಾನೆ. ಜಪಾನಿನ ಕಲಾವಿದ ಯೊಶಿತೆರು ಒತಾನಿ ಮಾಡಿದ್ದು. ಫೋಟೋ ಹೇಗೂ ತೆಗೀತೀರಿ ಬಿಡಿ. ಕ್ಲಾಸಿಗೆ ಮೊದಲು ಅರ್ಧ ಗಂಟೆ ಇಟ್ಟುಕೊಂಡು ಇದೆಲ್ಲ ನೋಡಿ, ಆಮೇಲೆ ಬೇಡ. ಕ್ಲಾಸ್ ಮುಗಿದ ಮೇಲೆ ಮಕ್ಕಳಿಗೆ ಹಸಿವು, ಗೋಡೆ ಯಾರಿಗೆ ಬೇಕು.

ಈಗ ದೂರದ ವಿಷಯ. ಸನ್ನಿವೇಲ್‌ನಿಂದ ಒಂದು ಕಡೆಗೆ ಸುಮಾರು 95 ಮೈಲಿ. ಶನಿವಾರ ಬೆಳಿಗ್ಗೆ ಬೇಗ ಹೊರಟರೆ ಸುಖ. ವಾರದ ದಿನ ದಿನಾ ಹೋಗಿ ಬರೋ ಯೋಚನೆಯನ್ನೇ ಬಿಡಿ, 101 ಹೆದ್ದಾರಿಯಲ್ಲಿ ಮಗುವೂ ಸುಸ್ತು ನೀವೂ ಸುಸ್ತು. ನನ್ನ ಸಲಹೆ, ಮೊದಲು ಒಂದೇ ದಿನದ ಕ್ಲಾಸಿಗೆ ಹಾಕಿ. ಮಗಳು ಕಾರಿನಲ್ಲಿ ವಾಪಸ್ ಬರುವಾಗಲೂ ಬರೀತಾ ಇದ್ದರೆ ಕ್ಯಾಂಪಿನ ಮಾತು ಎತ್ತಿ. ಕ್ಯಾಂಪಿಗೆ ಹಾಕಿದರೆ ಅಲ್ಲೇ ಸುತ್ತಮುತ್ತ ರೂಮ್ ಮಾಡಿ, ಅದನ್ನೇ ನಿಮ್ಮ ರಜೆ ಮಾಡಿಕೊಳ್ಳಿ. ಪಕ್ಕದಲ್ಲೇ ಶುಲ್ಜ್ ಕುಟುಂಬ 1969ರಲ್ಲಿ ಕಟ್ಟಿಸಿದ ಐಸ್ ಸ್ಕೇಟಿಂಗ್ ರಿಂಕ್ ಇದೆ. ಅದರೊಳಗೆ ವಾರ್ಮ್ ಪಪ್ಪಿ ಕೆಫೆ. ಶುಲ್ಜ್ ತಿಂಡಿಗೆ ಬರ್ತಿದ್ದದ್ದು ಅಲ್ಲಿಗೇ. ಕಾಯುವ ಅಪ್ಪ ಅಮ್ಮಂದಿರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಜುಲೈನಲ್ಲೂ ಒಂದು ಸ್ವೆಟರ್ ಇಟ್ಕೊಳ್ಳಿ, ಒಳಗೆ ಚಳಿ.

ಅಷ್ಟು ದೂರ ಆಗಲ್ಲ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾರ್ಟೂನ್ ಆರ್ಟ್ ಮ್ಯೂಸಿಯಂ ಇದೆ, ಫಿಶರ್‌ಮನ್ಸ್ ವಾರ್ಫ್ ಹತ್ತಿರ, ಬೀಚ್ ಸ್ಟ್ರೀಟಿನಲ್ಲಿ. 1984ರಲ್ಲಿ ಶುರುವಾದದ್ದು. ಅದು ನೆಲೆ ನಿಲ್ಲೋಕೆ ದುಡ್ಡು ಕೊಟ್ಟವರೂ ಶುಲ್ಜ್ ಅವರೇ. ಆ ಮ್ಯೂಸಿಯಂನವರೂ ಮಕ್ಕಳ ಕ್ಲಾಸು ನಡೆಸುತ್ತಾ ಬಂದಿದ್ದಾರೆ. ಬೇರೆ ಬೇರೆ ಕಾರ್ಟೂನಿಸ್ಟ್‌ಗಳ ಕೆಲಸ ಒಟ್ಟಿಗೆ ನೋಡಲು ಇದೇ ವಾಸಿ.

ಯಾವ ಕ್ಲಾಸು ಆರಿಸಬೇಕು? ವಯಸ್ಸಿನ ಮಿತಿ ಮೊದಲು ನೋಡಿ, ಆಮೇಲೆ ವಿಷಯ. ಅನಿಮೇಷನ್, ಸ್ಟಾಪ್ ಮೋಷನ್ (ಗೊಂಬೆಯನ್ನು ಸ್ವಲ್ಪ ಸ್ವಲ್ಪ ಸರಿಸಿ ಒಂದೊಂದೇ ಫೋಟೋ ತೆಗೆದು ಮಾಡುವ ಚಿತ್ರ) ಅಂದ್ರೆ ಮಕ್ಕಳು ಕುಣೀತಾರೆ. ಆದರೆ ಅಲ್ಲಿ ಒಂದು ಕ್ಯಾಮೆರಾ ಸುತ್ತ ಮೂರು ನಾಲ್ಕು ಮಕ್ಕಳು ಇರ್ತಾರೆ, ಪೆನ್ಸಿಲ್ ಹಿಡಿಯೋದು ಕಮ್ಮಿ. ನಿಮ್ಮ ಮಗಳಿಗೆ ನಾನಾಗಿದ್ದರೆ ಕಾಗದದ ಕಾಮಿಕ್ಸ್ ಕ್ಲಾಸನ್ನೇ ಹಿಡಿಯುತ್ತಿದ್ದೆ. ಒಂದೇ ಹಾಳೆ ಮಡಚಿ ಎಂಟು ಪುಟದ ಪುಸ್ತಕ ಮಾಡೋದನ್ನು ಬಹಳ ಕಡೆ ಹೇಳಿಕೊಡುತ್ತಾರೆ. ಮನೆಯಲ್ಲೂ ಮಾಡಬಹುದು. ಹಾಳೆಯನ್ನು ಎಂಟು ಚೌಕ ಬರುವ ಹಾಗೆ ಮಡಚಿ ಬಿಚ್ಚಿ. ಉದ್ದಕ್ಕಿರುವ ನಡುಮಡಿಕೆಯಲ್ಲಿ, ಮಧ್ಯದ ನಾಲ್ಕು ಚೌಕಗಳ ನಡುವೆ ಮಾತ್ರ ಕತ್ತರಿಸಿ. ಉದ್ದಕ್ಕೆ ಮಡಚಿ ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ಪುಸ್ತಕ ಆಯ್ತು. ಸ್ಟೇಪಲ್ ಬೇಡ, ಅಂಟು ಬೇಡ. ಎಂಟು ಪುಟ ತುಂಬಬೇಕು ಅಂದಾಗ "ಆಮೇಲೆ ಏನಾಯ್ತು" ಅಂತ ಮಗುವೇ ತಲೆ ಕೆರ್ಕೊಳ್ಳುತ್ತೆ. ಕಥೆ ಕಟ್ಟೋದು ಅಲ್ಲಿ ಬರುತ್ತೆ.

ಸಾಮಾನು ಜಾಸ್ತಿ ಕೊಳ್ಳಬೇಡಿ. ಮೆತ್ತನೆ ಪೆನ್ಸಿಲ್, ರಬ್ಬರ್, ಪ್ರಿಂಟರ್ ಹಾಳೆ, ನೀರಿಗೆ ಹರಡದ ಒಂದು ಕಪ್ಪು ಪೆನ್. ನಿಬ್ ಪೆನ್ ಈಗಲೇ ಬೇಡ, ಬಟ್ಟೆ ಹಾಳು. ಶುಲ್ಜ್ ಬಳಸುತ್ತಿದ್ದದ್ದು ಎಸ್ಟರ್‌ಬ್ರೂಕ್ ಕಂಪನಿಯ 914 ನಿಬ್. ಅದು ನಿಂತು ಹೋಗುತ್ತೆ ಅಂತ ಗೊತ್ತಾದಾಗ ಉಳಿದ ಸ್ಟಾಕನ್ನೆಲ್ಲ ಕೊಂಡಿಟ್ಟುಕೊಂಡರು! ಆ ಹುಚ್ಚು ಮಗಳಿಗೆ ತಾನಾಗಿ ಹತ್ತಲಿ.

ಒಂದು ವಿಷಯ ಮಾತ್ರ ಅಲ್ಲಿ ಯಾರೂ ಹೇಳಿಕೊಡಲ್ಲ, ನಾವೇ ಹೇಳಬೇಕು. ಮೊದಲು ಮಾತು ಬರೆ, ಆಮೇಲೆ ಅದರ ಸುತ್ತ ಬಲೂನು ಎಳೆ ಅಂತ ಕ್ಲಾಸಿನಲ್ಲಿ ಹೇಳ್ತಾರೆ. ಸರಿಯೇ. ಆದರೆ ಅಲ್ಲಿ ಬರೆಸೋದು ಇಂಗ್ಲಿಷ್ ದೊಡ್ಡಕ್ಷರ, ಎಲ್ಲ ಒಂದೇ ಎತ್ತರ. ಮನೆಗೆ ಬಂದು "ಅಜ್ಜಿ, ದೋಸೆ ಸೀದುಹೋಯ್ತು!" ಅಂತ ಎರಡು ಸಾಲಿನಲ್ಲಿ ಬರೆಸಿ ನೋಡಿ. ಅಜ್ಜಿಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತೆ. ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಬಲೂನೂ ದೊಡ್ಡದಾಗಬೇಕು, ಅಂದ್ರೆ ಮಾತು ಕಮ್ಮಿಯಾಗಬೇಕು. ಕನ್ನಡ ಓದು ಅಂದ್ರೆ ಓಡಿ ಹೋಗುವ ನಮ್ಮ ಮಗ ಬಲೂನಿಗಾಗಿ "ಯ್ತು ಹೇಗೆ ಬರೀಬೇಕು" ಅಂತ ತಾನಾಗೇ ಕೇಳಿದ್ದು ಈ ನೆಪದಲ್ಲೇ. ಶನಿವಾರದ ಕನ್ನಡ ಶಾಲೆಯವರು ಇದನ್ನು ಯಾಕೆ ಹಿಡಿಯಬಾರದು ಅನ್ನಿಸುತ್ತೆ.

ಕ್ಲಾಸಿನಿಂದ ಬಂದಾಗ "ಇವತ್ತು ಏನು ಕಲಿತೆ" ಅಂತ ಕೇಳಬೇಡಿ. ಬರೆದದ್ದನ್ನು ಓದಿ ಹೇಳು ಅನ್ನಿ. ಸ್ನೂಪಿಯನ್ನೇ ನೋಡ್ಕೊಂಡು ಬರೆದಿದ್ದರೂ ಬೈಬೇಡಿ, ಎಲ್ಲರೂ ಶುರು ಮಾಡೋದು ಹಾಗೇ. ಆ ಸ್ನೂಪಿ ನಿಮ್ಮ ಮನೆಗೆ ಬಂದರೆ ಏನು ಮಾಡುತ್ತೆ ಅಂತ ಕೇಳಿ ಸಾಕು.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯ ಟ್ರಿನಿಟಿ ಸರ್ಕಲ್ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೂ ಒಮ್ಮೆ ಕರ್ಕೊಂಡು ಹೋಗಿ. ಶುಲ್ಜ್ ಹುಟ್ಟಿದ್ದು 1922ರಲ್ಲಿ, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1921ರಲ್ಲಿ. ಲಕ್ಷ್ಮಣ್‌ಗೆ ಬೊಂಬಾಯಿಯ ಜೆ.ಜೆ. ಕಲಾ ಶಾಲೆ ಸೀಟು ಕೊಡಲಿಲ್ಲ. ಆಮೇಲೆ ಅವರು ಡಾ. ಶಿವರಾಂ ಅವರ ಕೊರವಂಜಿ ಹಾಸ್ಯ ಪತ್ರಿಕೆಗೆ ಚಿತ್ರ ಬರೆದರು. ಮಗಳಿಗೆ ಈ ಕಥೆಯನ್ನೂ ಹೇಳಿ, ಸಿ ಪ್ಲಸ್ ಕಥೆಯ ಜೊತೆಗೆ.

ಬೇಸಿಗೆ ಕ್ಯಾಂಪಿನ ಸೀಟುಗಳು ಬೇಗ ತುಂಬುತ್ತವೆ. ಶಾಲೆ ಮುಗಿಯೋವರೆಗೆ ಕಾಯದೆ ವರ್ಷದ ಶುರುವಿನಲ್ಲೇ ಮ್ಯೂಸಿಯಂ ಪಟ್ಟಿ ನೋಡಲು ಶುರು ಮಾಡಿ. ಶನಿವಾರದ ಕ್ಲಾಸಿಗೆ ಹೋಗೋದಾದ್ರೆ ಇಲ್ಲೇ ಒಂದು ಮೆಸೇಜ್ ಹಾಕಿ. ನಾವು ಫ್ರೀಮಾಂಟ್ ಕಡೆಯಿಂದ ಬರ್ತೀವಿ, ಕಾರಿನಲ್ಲಿ ಎರಡು ಸೀಟು ಖಾಲಿ ಇರುತ್ತೆ.